ಫೋಟೊ ಗ್ಯಾಲರಿ ತಂತ್ರಾಂಶ: ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ಸ್ವಂತ ಜಾಲತಾಣಗಳಿಗೆ

ಫೋಟೊಗಳನ್ನು ಆಲ್ಬಂಗಳಾಗಿ ಜೋಡಿಸಿ, ತೆರೆಗೆ ತಕ್ಕ ಸಣ್ಣ ಪ್ರತಿಗಳನ್ನು ತಾನೇ ತಯಾರಿಸಿ, ಊರು, ದಿನಾಂಕ, ವಿವರಣೆಗಳೊಡನೆ ಜಾಲತಾಣದಲ್ಲಿ ತೋರಿಸುವ ತಂತ್ರಾಂಶವೇ ಫೋಟೊ ಗ್ಯಾಲರಿ. ಅದನ್ನು ಬಳಸಲು, ತಿದ್ದಲು, ಹಂಚಲು ಪರವಾನಗಿಯಲ್ಲೇ ಅವಕಾಶವಿದ್ದು ಮೂಲ ಸಂಕೇತ ಎಲ್ಲರಿಗೂ ತೆರೆದಿದ್ದರೆ ಅದು ಮುಕ್ತ ತಂತ್ರಾಂಶ. ಇಂಥವು ಹತ್ತಾರಿವೆ. ಬಳ್ಳಾರಿ ಕೋಟೆ, ಕುರುಗೋಡಿನ ದೊಡ್ಡ ಬಸವೇಶ್ವರನ ತೇರು, ಸಿರುಗುಪ್ಪದ ಭತ್ತದ ಗದ್ದೆ, ಮನೆಯ ಹಳೆಯ ಮದುವೆ ಫೋಟೊಗಳನ್ನು ಸ್ವಂತ ತಾಣದಲ್ಲಿ ಇಡಬೇಕೆನ್ನುವವರಿಗೆ ಇವುಗಳಲ್ಲಿ ಯಾವುದು ಹೊಂದುತ್ತದೆ ಎಂಬುದನ್ನು ಇಲ್ಲಿ ನೋಡಲಾಗಿದೆ. ಆಯ್ಕೆಗೆ ಕೂತವರು ಸಾಮಾನ್ಯವಾಗಿ ಮೊದಲು ನೋಡುವುದು ಅಂದಚಂದವನ್ನು. ಮೊದಲು ಕೇಳಬೇಕಾದ್ದು ಬೇರೆ: ನಾಳೆ ಈ ತಂತ್ರಾಂಶ ನಿಂತುಹೋದರೆ ಫೋಟೊದ ಜೊತೆ ಅದರ ವಿವರಣೆಯೂ ಹೊರಬರುತ್ತದೆಯೆ?

ಹಳೆಯ ಫೋಟೊಗಳ ಗತಿ

ಈ ಸೀಮೆಗೆ ಕ್ಯಾಮೆರಾ ಬಂದದ್ದು ಬೇಗ. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಅವಶೇಷಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಆ ನೆಗೆಟಿವ್‌ಗಳು ಉಳಿದುಬಂದವು. ಅದರಿಂದಲೇ 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದು, ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಬಿತ್ತು, ಏನು ನಿಂತಿತು ಎಂದು ಅಕ್ಕಪಕ್ಕ ಇಟ್ಟು ತೋರಿಸಲು ಸಾಧ್ಯವಾಯಿತು.

ಬಳ್ಳಾರಿ ನಗರಕ್ಕೆ ಅಂಟಿಕೊಂಡಂತಿರುವ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳ ಕಥೆ ಬೇರೆ. ಅಲ್ಲಿನ ಕಪ್ಪು ಡಾಲರೈಟ್ ಬಂಡೆಗಳ ಮೇಲೆ ನವಶಿಲಾಯುಗದ ಜನ ಕುಟ್ಟಿ ಮೂಡಿಸಿದ ದನ, ಮನುಷ್ಯರ ಚಿತ್ರಗಳ ಬಗ್ಗೆ ಬ್ರಿಟಿಷ್ ಅಧಿಕಾರಿ ಫ್ರೆಡ್ ಫಾಸೆಟ್ 1892ರಲ್ಲೇ ಬರೆದಿದ್ದ. ಆ ಕಾಲದಲ್ಲಿ ಅಲ್ಲಿ ತೆಗೆದ ಫೋಟೊಗಳು ಬಹುಮಟ್ಟಿಗೆ ಕೈತಪ್ಪಿದವು. ಪುರಾತತ್ವ ಸಂಶೋಧಕಿ ನಿಕೋಲ್ ಬೊಯ್ವಿನ್ ಈ ಚಿತ್ರಗಳನ್ನೂ, ಬಡಿದರೆ ಗಂಟೆಯಂತೆ ನಾದ ಕೊಡುವ ಅಲ್ಲಿನ ಬಂಡೆಗಳನ್ನೂ ಮತ್ತೆ ವಿದ್ವತ್ ಲೋಕದ ಗಮನಕ್ಕೆ ತಂದದ್ದು 2004ರಲ್ಲಿ. ಈ ನಡುವೆ ಕಲ್ಲು ಗಣಿಗಾರಿಕೆ ಗುಡ್ಡದ ಅಂಚುಗಳನ್ನು ತಿನ್ನುತ್ತಲೇ ಇತ್ತು. ಅಂದರೆ ಈ ಭಾಗದಲ್ಲಿ ಹವ್ಯಾಸಕ್ಕೆಂದು ತೆಗೆದ ಫೋಟೊ ಕೂಡ ಮುಂದೊಂದು ದಿನ ದಾಖಲೆಯಾದೀತು. ಯಾವ ಗುಡ್ಡ, ಯಾವ ವರ್ಷ ಎಂಬ ಎರಡು ಮಾತು ಅದರ ಜೊತೆಗಿರಬೇಕು, ಅಷ್ಟೆ.

ಕಾಗದದ ಕಾಲ ಕಳೆದ ಮೇಲೆ ಬಂದ ಸೇವೆಗಳು ಇನ್ನೂ ಬೇಗ ಕಣ್ಮರೆಯಾದವು. ನಮ್ಮ ಊರುಗಳ ಹುಡುಗರು ಮೊದಲ ಬಾರಿಗೆ ಆಲ್ಬಂ ಮಾಡಿದ ಆರ್ಕುಟ್ 2014ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿತು. ಭೂಪಟದ ಮೇಲೆ ಹಳ್ಳಿಹಳ್ಳಿಯ ಫೋಟೊ ಕೂಡಿಸಿದ್ದ ಪನೋರಾಮಿಯೊ 2016ರ ನವೆಂಬರ್‌ನಲ್ಲಿ ನಿಂತಿತು. ಪಿಕಾಸಾ ಕೂಡ ಅದೇ ವರ್ಷ ಮುಗಿಯಿತು. ಫ್ಲಿಕರ್ 2018ರಲ್ಲಿ ಸ್ಮಗ್‌ಮಗ್ ಕಂಪನಿಯ ಕೈಗೆ ಹೋಗಿ, ಉಚಿತ ಖಾತೆಗೆ ಸಾವಿರ ಫೋಟೊಗಳ ಮಿತಿ ಹಾಕಿತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಕೊನೆಗೊಂಡು 15 ಜಿಬಿಗೆ ಇಳಿಯಿತು. ಸ್ವಂತ ತಾಣದ ಯೋಚನೆ ಹುಟ್ಟುವುದು ಹೆಚ್ಚಾಗಿ ಇಂಥ ಒಂದು ಪೆಟ್ಟಿನ ನಂತರವೇ.

ಮುಕ್ತ ತಂತ್ರಾಂಶವೂ ಇದಕ್ಕೆ ಹೊರತಲ್ಲ. ಭರತ್ ಮೇದಿರತ್ತ 2000ದಲ್ಲಿ ಆರಂಭಿಸಿದ ‘ಗ್ಯಾಲರಿ’ ಎಂಬ ಯೋಜನೆ ಒಂದು ಕಾಲಕ್ಕೆ ಈ ಕ್ಷೇತ್ರದ ದೊಡ್ಡ ಹೆಸರು. 2014ರಲ್ಲಿ ಅದರ ಅಭಿವೃದ್ಧಿ ನಿಂತಿತು. ಪಿಎಚ್‌ಪಿ ಮುಂದೆ ಹೋಯಿತು, ಹಳೆಯ ಗ್ಯಾಲರಿ ಹೊಸ ಸರ್ವರುಗಳಲ್ಲಿ ಮುಗ್ಗರಿಸತೊಡಗಿತು. ವ್ಯತ್ಯಾಸವಿರುವುದು ಇಲ್ಲಿ: ಸಂಕೇತ ತೆರೆದಿದ್ದರಿಂದ ಆಸಕ್ತರು ಅದನ್ನು ಕೈಗೆತ್ತಿಕೊಂಡು ತೇಪೆ ಹಾಕಿದರು, ಬೇರೆ ಯೋಜನೆಯವರು ಅದರ ದತ್ತಾಂಶವನ್ನು ತಮ್ಮಲ್ಲಿಗೆ ಸಾಗಿಸುವ ಪ್ಲಗಿನ್ ಬರೆದರು. ಸಾವು ತಪ್ಪಲಿಲ್ಲ, ಸಾಮಾನು ಎತ್ತಿಕೊಳ್ಳಲು ಸಮಯ ಸಿಕ್ಕಿತು.

ವಿವರಣೆ ಎಲ್ಲಿ ಕೂರುತ್ತದೆ

ಫೋಟೊಗೆ ಬರೆದ ವಿವರಣೆ ಎರಡು ಕಡೆ ಇರಬಹುದು. ಒಂದು, ಗ್ಯಾಲರಿಯ ದತ್ತಸಂಚಯದಲ್ಲಿ. ಇನ್ನೊಂದು, ಫೋಟೊದ ಕಡತದೊಳಗೇ. ಕ್ಯಾಮೆರಾ ತಾನಾಗಿ ಬರೆಯುವ ಎಕ್ಸಿಫ್ ಭಾಗದಲ್ಲಿ ದಿನಾಂಕ, ಲೆನ್ಸ್, ಕೆಲವೊಮ್ಮೆ ಜಿಪಿಎಸ್ ಇರುತ್ತವೆ. ಮನುಷ್ಯರು ಬರೆಯುವ ಶೀರ್ಷಿಕೆ, ಟ್ಯಾಗ್, ಹಕ್ಕುದಾರರ ಹೆಸರುಗಳಿಗೆ ಐಪಿಟಿಸಿ ಮತ್ತು ಎಕ್ಸ್‌ಎಂಪಿ ಎಂಬ ಭಾಗಗಳಿವೆ. ಪಿಕಾಸಾ ಬಳಸಿದವರಿಗೆ ಇದರ ಬೆಲೆ ಗೊತ್ತು. ಅದರಲ್ಲಿ ಬರೆದ ಶೀರ್ಷಿಕೆಗಳು ಜೆಪೆಗ್ ಕಡತದೊಳಗೇ ಕೂರುತ್ತಿದ್ದುದರಿಂದ ಪಿಕಾಸಾ ಹೋದ ಮೇಲೂ ಉಳಿದವು. ಮುಖಗಳಿಗೆ ಕೊಟ್ಟ ಹೆಸರುಗಳು ಬೇರೆ ಕಡತದಲ್ಲಿದ್ದವು, ಫೋಟೊಗಳನ್ನು ಅಲ್ಲಿಂದಿಲ್ಲಿಗೆ ಸಾಗಿಸುವಾಗ ಎಷ್ಟೋ ಮನೆಗಳಲ್ಲಿ ಅವು ಉದುರಿಹೋದವು.

ಕುರುಗೋಡಿನ ತೇರಿನ ಒಂದು ಫೋಟೊ ತೆಗೆದುಕೊಳ್ಳೋಣ. ಜನಜಂಗುಳಿ, ಮಿಣಿ ಹಿಡಿದ ಕೈಗಳು, ಹಿಂದೆ ಗುಡ್ಡ, ಇಷ್ಟು ನೋಡಿದವರಿಗೆ ಕಾಣುತ್ತದೆ. ಯಾವ ವರ್ಷದ ತೇರು, ಯಾವ ಬೀದಿಯ ತಿರುವು, ಮುಂದೆ ನಿಂತ ಅಜ್ಜ ಯಾರು ಎಂಬುದು ಕಾಣುವುದಿಲ್ಲ. ಅದನ್ನು ಗ್ಯಾಲರಿಯ ಪುಟದಲ್ಲಿ ಟೈಪಿಸುವ ಬದಲು, ಡಿಜಿಕ್ಯಾಮ್‌ನಂಥ ಮುಕ್ತ ತಂತ್ರಾಂಶದಲ್ಲಿ ಮನೆಯ ಕಂಪ್ಯೂಟರಿನಲ್ಲೇ ಫೋಟೊದೊಳಗೆ ಬರೆದು ಆಮೇಲೆ ಅಪ್‌ಲೋಡ್ ಮಾಡುವುದು ಕ್ಷೇಮ. ನೂರಾರು ಫೋಟೊಗಳಿಗೆ ಒಟ್ಟಿಗೆ ಬರೆಯಬೇಕಾದರೆ ಫಿಲ್ ಹಾರ್ವೆಯ ಎಕ್ಸಿಫ್‌ಟೂಲ್ ಇದೆ. ಸ್ಕ್ಯಾನ್ ಮಾಡಿದ ಹಳೆಯ ಫೋಟೊಗಳಿಗಂತೂ ಇದು ಬೇಕೇ ಬೇಕು. ಇಲ್ಲದಿದ್ದರೆ 1968ರ ಮದುವೆ ಸ್ಕ್ಯಾನ್ ಮಾಡಿದ ದಿನದ ಆಲ್ಬಂನಲ್ಲಿ, ಮೊನ್ನೆಯ ಹುಟ್ಟುಹಬ್ಬದ ಪಕ್ಕ ಕೂತಿರುತ್ತದೆ.

ಹಾಗಾಗಿ ಕಡತದೊಳಗಿನ ಐಪಿಟಿಸಿ ಓದಲು ಬಾರದ ಗ್ಯಾಲರಿಯನ್ನು ಮೊದಲೇ ಪಟ್ಟಿಯಿಂದ ತೆಗೆದುಬಿಡಬಹುದು.

ಪಿವಿಗೊ

ಬಾಡಿಗೆ ಹೋಸ್ಟಿಂಗ್‌ನಲ್ಲಿ ಸಾರ್ವಜನಿಕರಿಗೆ ತೋರಿಸುವ ಗ್ಯಾಲರಿಗೆ ಇಂದು ಹೆಚ್ಚು ಭರವಸೆಯ ಹೆಸರು ಪಿವಿಗೊ. ಫ್ರಾನ್ಸಿನ ಪಿಯೆರಿಕ್ ಲೆ ಗಾಲ್ 2002ರಲ್ಲಿ ‘ಪಿಎಚ್‌ಪಿ ವೆಬ್‌ಗ್ಯಾಲರಿ’ ಎಂದು ಆರಂಭಿಸಿದ್ದು, 2009ರಲ್ಲಿ ಈಗಿನ ಹೆಸರು ಪಡೆಯಿತು. ಪರವಾನಗಿ ಜಿಪಿಎಲ್. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಇದ್ದರೆ ಸಾಕು, ಅಂದರೆ ವರ್ಡ್‌ಪ್ರೆಸ್ ಓಡುವ ಅಗ್ಗದ ಹೋಸ್ಟಿಂಗ್‌ನಲ್ಲೇ ಇದೂ ಓಡುತ್ತದೆ. ಆಲ್ಬಂನೊಳಗೆ ಆಲ್ಬಂ, ಟ್ಯಾಗ್, ಬಳಕೆದಾರರ ಗುಂಪುಗಳಿಗೆ ಬೇರೆ ಬೇರೆ ಅನುಮತಿ, ನೂರಾರು ಪ್ಲಗಿನ್, ಮೊಬೈಲ್ ಆಪ್ ಎಲ್ಲ ಇವೆ. ಮನೆಯ ಮದುವೆ ಆಲ್ಬಂ ನೆಂಟರಿಗೆ ಮಾತ್ರ, ಕೋಟೆಯ ಆಲ್ಬಂ ಎಲ್ಲರಿಗೂ ಎಂಬ ಏರ್ಪಾಡು ಇದರಲ್ಲಿ ಸುಲಭ. ಇದರ ಭಾಷಾ ಕಡತಗಳ ಸಾಲಿನಲ್ಲಿ ಕನ್ನಡವೂ ಇದೆ.

ಹೊರಮೈ ಸ್ವಲ್ಪ ಹಳೆಯ ಕಾಲದ್ದು ಎನಿಸುವುದು ನಿಜ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಿಡದೆ ಹೊಸ ಆವೃತ್ತಿ ಕೊಡುತ್ತ ಬಂದ ತಂಡವೆಂಬುದರ ಮುಂದೆ ಅದು ದೊಡ್ಡ ಕುಂದಲ್ಲ.

ಇದರ ಒಂದು ಒಳಗುಟ್ಟು ತಿಳಿದಿರಬೇಕು. ಪಿವಿಗೊಗೆ ಫೋಟೊ ಸೇರಿಸುವ ದಾರಿ ಎರಡು. ಬ್ರೌಸರಿನಿಂದ ಅಪ್‌ಲೋಡ್ ಮಾಡಿದರೆ ಕಡತದ ಹೆಸರನ್ನು ಅದು ತನಗೆ ಬೇಕಾದಂತೆ ಬದಲಿಸಿಕೊಂಡು ತಿಂಗಳು, ದಿನದ ಫೋಲ್ಡರುಗಳಲ್ಲಿ ಇಡುತ್ತದೆ. ಎಫ್‌ಟಿಪಿಯಿಂದ ಫೋಲ್ಡರುಗಳನ್ನೇ ಸರ್ವರಿಗೆ ಕಳಿಸಿ ‘ಸಿಂಕ್’ ಮಾಡಿದರೆ ಫೋಲ್ಡರುಗಳೇ ಆಲ್ಬಂಗಳಾಗುತ್ತವೆ. ಈ ಎರಡನೆಯ ದಾರಿಯಲ್ಲಿ ಫೋಲ್ಡರ್, ಕಡತಗಳ ಹೆಸರು ಇಂಗ್ಲಿಷ್ ಅಕ್ಷರ, ಅಂಕಿ, ಗೆರೆ, ಚುಕ್ಕಿಗಳಲ್ಲೇ ಇರಬೇಕು. ಕನ್ನಡ ಹೆಸರಿಟ್ಟರೆ, ಅಷ್ಟೇಕೆ, ನಡುವೆ ಒಂದು ಖಾಲಿ ಜಾಗ ಬಿಟ್ಟರೂ ಮೂಲ ಹೊಂದಾಣಿಕೆಯಲ್ಲಿ ಅದು ಒಪ್ಪುವುದಿಲ್ಲ. ಕಡತಕ್ಕೆ ಇಂಗ್ಲಿಷ್ ಹೆಸರು, ಆಲ್ಬಂನ ತೋರಿಕೆಯ ಹೆಸರು ಕನ್ನಡದಲ್ಲಿ ಎಂಬ ರೂಢಿ ಮಾಡಿಕೊಂಡರೆ ತೊಂದರೆಯಿಲ್ಲ.

ಜಾಗದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. ಒಂದು ಫೋಟೊಗೆ ಪಿವಿಗೊ ಚೌಕಾಕಾರದ ಚಿಕ್ಕಚಿತ್ರದಿಂದ ಹಿಡಿದು ದೊಡ್ಡದರವರೆಗೆ ಹಲವು ಅಳತೆಯ ಪ್ರತಿಗಳನ್ನು ಬೇಕಾದಾಗ ತಯಾರಿಸುತ್ತದೆ. ಮೊಬೈಲಿನ ಫೋಟೊ 4 ಎಂಬಿ ಎಂದುಕೊಂಡರೆ 5,000 ಫೋಟೊಗೆ 20 ಜಿಬಿ. ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗದ ಲೈನಿನಲ್ಲಿ ಇಷ್ಟನ್ನು ಕಳಿಸಲು ನಾಲ್ಕೂವರೆ ಗಂಟೆ ಹತ್ತಿರ ಬೇಕು, ಅದೂ ಕರೆಂಟು ಕೈಕೊಡದಿದ್ದರೆ. ಉದ್ದದ ಬದಿ 2,000 ಪಿಕ್ಸೆಲಿಗೆ ಇಳಿಸಿ ಕಳಿಸಿದರೆ ಅದರ ಐದನೇ ಒಂದು ಪಾಲು ಸಾಕಾಗಬಹುದು. ಗ್ಯಾಲರಿ ತೋರಿಕೆಗೆ, ಮೂಲ ಪ್ರತಿಗೆ ಮನೆಯ ಎರಡು ಹಾರ್ಡ್‌ಡಿಸ್ಕ್ ಎಂದು ಬೇರ್ಪಡಿಸಿದರೆ ಖರ್ಚೂ ತಗ್ಗುತ್ತದೆ. ಹೋಸ್ಟಿಂಗ್ ಕಂಪನಿಗಳು ಜಾಗದ ಜೊತೆಗೆ ಕಡತಗಳ ಸಂಖ್ಯೆಗೂ ಮಿತಿ ಇಟ್ಟಿರುತ್ತವೆ. ಚಿಕ್ಕಚಿತ್ರಗಳೆಲ್ಲ ಆ ಲೆಕ್ಕಕ್ಕೆ ಸೇರುತ್ತವೆ. ಐಫೋನಿನ ಹೀಕ್ ಕಡತಗಳನ್ನು ಜೆಪೆಗ್ ಮಾಡಿಯೇ ಕಳಿಸುವುದು ಒಳ್ಳೆಯದು. ಎಲ್ಲ ಸರ್ವರುಗಳಿಗೂ ಅವು ಅರ್ಥವಾಗುವುದಿಲ್ಲ.

ಉಳಿದವು

ಜೆನ್‌ಫೋಟೊ 2005ರದ್ದು. ಫೋಲ್ಡರೇ ಆಲ್ಬಂ ಎಂಬುದು ಅದರ ಮೂಲತತ್ವ, ಐಪಿಟಿಸಿ ಚೆನ್ನಾಗಿ ಓದುತ್ತದೆ, ಲೇಖನಗಳ ಪುಟಗಳನ್ನೂ ಅದರಲ್ಲೇ ಮಾಡಬಹುದು. ಲೈಚಿ ನೋಡಲು ಚೆಂದ, ಎಂಐಟಿ ಪರವಾನಗಿ; ಲಾರವೆಲ್ ಎಂಬ ಪಿಎಚ್‌ಪಿ ಚೌಕಟ್ಟಿಗೆ ಬದಲಾದ ಮೇಲೆ ಅಗ್ಗದ ಹೋಸ್ಟಿಂಗ್‌ನಲ್ಲಿ ಕೂರಿಸುವುದು ಮೊದಲಿನಷ್ಟು ಸಲೀಸಲ್ಲ. ಕಾಪರ್‌ಮೈನ್ ಹಳೆಯ ತಲೆಮಾರಿನದು, ಹೊಸದಾಗಿ ಶುರುಮಾಡುವವರಿಗೆ ಬೇಡ.

ಇತ್ತೀಚೆಗೆ ಎಲ್ಲರ ಬಾಯಲ್ಲಿರುವುದು ಇಮ್ಮಿಚ್. ಅಲೆಕ್ಸ್ ಟ್ರಾನ್ 2022ರಲ್ಲಿ ಆರಂಭಿಸಿದರು. 2024ರಲ್ಲಿ ಎಜಿಪಿಎಲ್ ಪರವಾನಗಿಗೆ ಬದಲಾಗಿ, ಅದೇ ವರ್ಷ ಫ್ಯೂಟೊ ಸಂಸ್ಥೆಯ ಆಸರೆ ಪಡೆಯಿತು. ಮೊಬೈಲಿನಿಂದ ತಾನಾಗಿ ಬ್ಯಾಕಪ್, ಮುಖ ಗುರುತಿಸುವುದು, ಚಿತ್ರದಲ್ಲಿರುವುದನ್ನು ಮಾತಿನಲ್ಲಿ ಹೇಳಿ ಹುಡುಕುವುದು, ಹೀಗೆ ಗೂಗಲ್ ಫೋಟೋಸ್ ಬಿಟ್ಟುಬರುವವರಿಗೆ ಬೇಕಾದ್ದೆಲ್ಲ ಇದೆ. 2018ರ ಹೊತ್ತಿಗೆ ಶುರುವಾದ ಫೋಟೊಪ್ರಿಸಂ ಕೂಡ ಇದೇ ಜಾತಿಯದು. ಎರಡೂ ಒಳ್ಳೆಯವೇ. ಎರಡೂ ಈ ಕೆಲಸಕ್ಕಲ್ಲ. ಇವು ಮನೆಮಂದಿಯ ಫೋಟೊ ಕಣಜಗಳು; ಹೊರಗಿನವರು ಬಂದು ನೋಡುವ ತಾಣದ ಅಂಗಳ ಇವುಗಳಲ್ಲಿ ಇಲ್ಲ, ಕೊಂಡಿ ಕೊಟ್ಟು ಹಂಚಿಕೊಳ್ಳುವ ಸೌಲಭ್ಯವಷ್ಟೇ ಇದೆ. ತಂತ್ರಾಂಶಗಳನ್ನು ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಓಡಿಸುವ ಡಾಕರ್, ಕೆಲವು ಜಿಬಿ ಮೆಮೊರಿ, ಸದಾ ಓಡುವ ಯಂತ್ರ ಬೇಕು. ಇಮ್ಮಿಚ್‌ನ ಹುಡುಕಾಟಕ್ಕೆ ಮೊದಲಿಗೆ ಬರುವ ಮಾದರಿ ಇಂಗ್ಲಿಷಿನದು, ‘ಭತ್ತದ ರಾಶಿ’ ಎಂದು ಕೇಳಿದರೆ ಅದಕ್ಕೆ ತಿಳಿಯದು. ಮಲಯಾಳಂ ಹೆಸರಿನ ‘ಎಂಟೆ’ ತನ್ನ ಸರ್ವರ್ ಸಂಕೇತವನ್ನೂ 2024ರಲ್ಲಿ ತೆರೆಯಿತು. ಅದರ ಜೋರು ಇರುವುದು ಗೂಢಲಿಪಿಯ ಗೋಪ್ಯತೆಯಲ್ಲಿ, ಪ್ರದರ್ಶನದಲ್ಲಲ್ಲ.

ಬಳ್ಳಾರಿಯಲ್ಲಿ ಮನೆಯೊಳಗೇ ಸರ್ವರ್ ಇಡುವ ಆಸೆಗೆ ಊರೇ ಅಡ್ಡ ಬರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಮುಚ್ಚಿದ ಕಪಾಟಿನಲ್ಲಿಟ್ಟ ಪುಟ್ಟ ಯಂತ್ರ ಬಿಸಿಯೇರಿ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ರಾಸ್ಪ್‌ಬೆರಿ ಪೈಗೆ ಮೆಮೊರಿ ಕಾರ್ಡ್ ಹಾಕಿ ನಡೆಸುವವರಿಗೆ ಕರೆಂಟು ಹೋಗಿಬಂದಾಗ ಕಾರ್ಡ್ ಕೆಡುವ ಭಯ. ಯುಪಿಎಸ್, ಎಸ್‌ಎಸ್‌ಡಿ ಎರಡೂ ಬೇಕು. ಜೊತೆಗೆ, ನಮ್ಮ ಮನೆಗಳ ಬ್ರಾಡ್‌ಬ್ಯಾಂಡಿನಲ್ಲಿ ಹಲವು ಗಿರಾಕಿಗಳು ಒಂದೇ ಐಪಿ ವಿಳಾಸ ಹಂಚಿಕೊಳ್ಳುವುದೇ ಹೆಚ್ಚು. ಹೊರಗಿನಿಂದ ಯಾರೂ ನೇರವಾಗಿ ಮನೆಯ ಯಂತ್ರಕ್ಕೆ ಬರಲಾರರು. ಪ್ರತ್ಯೇಕ ಐಪಿಗೆ ಹಣ ಕಟ್ಟಬೇಕು, ಇಲ್ಲವೆ ಹೊರಗಿನವರನ್ನು ಒಳಗೆ ತಲುಪಿಸುವ ಸುರಂಗದ (ಟನಲ್) ಸೇವೆಯೊಂದನ್ನು ನೆಚ್ಚಬೇಕು. ಮನೆಯೊಳಗಿನ ಇಮ್ಮಿಚ್ ಮನೆಯವರಿಗೆ, ಬಾಡಿಗೆ ಜಾಗದ ಪಿವಿಗೊ ಊರವರಿಗೆ ಎಂದು ಎರಡು ಕೆಲಸ ಎರಡು ಕಡೆ ಹಂಚಿದವರು ನಿರಾಳವಾಗಿರುತ್ತಾರೆ.

ಮೂರನೆಯ ದಾರಿ ಸ್ಥಿರ ಗ್ಯಾಲರಿ. ಪೈಥಾನಿನಲ್ಲಿ ಬರೆದ ಸಿಗಾಲ್, ನೋಡ್ ಮೇಲೆ ಓಡುವ ಥಂಬ್ಸಪ್, ಡಿಜಿಕ್ಯಾಮ್‌ನೊಳಗೇ ಇರುವ ಎಚ್‌ಟಿಎಂಎಲ್ ಗ್ಯಾಲರಿ ಇವು ಮನೆಯ ಕಂಪ್ಯೂಟರಿನಲ್ಲಿರುವ ಫೋಲ್ಡರನ್ನು ಓದಿ, ಸಿದ್ಧ ಪುಟಗಳನ್ನು ಕೊಡುತ್ತವೆ. ಆ ಪುಟಗಳನ್ನು ಸರ್ವರಿಗೆ ಕಳಿಸಿದರೆ ಕೆಲಸ ಮುಗಿಯಿತು. ದತ್ತಸಂಚಯವಿಲ್ಲ, ಲಾಗಿನ್ ಇಲ್ಲ, ಆದ್ದರಿಂದ ಒಳನುಗ್ಗುವವರಿಗೆ ಬಾಗಿಲೂ ಇಲ್ಲ. ಅಪ್‌ಡೇಟ್ ಮಾಡದೆ ಬಿಟ್ಟ ಪಿಎಚ್‌ಪಿ ಗ್ಯಾಲರಿ ಎರಡು ವರ್ಷದಲ್ಲಿ ಜೂಜಿನ ಜಾಹೀರಾತು ತೋರಿಸತೊಡಗಿದರೆ ಆಶ್ಚರ್ಯಪಡಬೇಕಿಲ್ಲ. ಸ್ಥಿರ ಪುಟ ಹತ್ತು ವರ್ಷ ಮರೆತರೂ ಇಟ್ಟ ಹಾಗೇ ಇರುತ್ತದೆ. ಗಿಟ್‌ಹಬ್‌ನ ಉಚಿತ ಪುಟಗಳಿಗೆ 1 ಜಿಬಿ ಮಿತಿಯಿದೆ, ಒಂದು ತೇರು, ಒಂದು ಕೋಟೆಯ ಆಯ್ದ ಫೋಟೊಗಳಿಗೆ ಅದು ಸಾಲುತ್ತದೆ. ತಿಂಗಳಿಗೊಮ್ಮೆಯೂ ತಾಣದ ಕಡೆ ತಲೆಹಾಕಲು ಪುರುಸೊತ್ತಿಲ್ಲದವರು ಪಿವಿಗೊ ಬಿಟ್ಟು ಇದನ್ನೇ ಹಿಡಿಯಬೇಕು. ಆಗ ಬಿಟ್ಟುಕೊಡಬೇಕಾದ್ದು ಹುಡುಕಾಟ, ಅನುಮತಿ, ಮೊಬೈಲಿನಿಂದ ನೇರ ಅಪ್‌ಲೋಡ್.

ಕನ್ನಡದ ತೊಡಕುಗಳು

ಇಂಗ್ಲಿಷಿನಲ್ಲಿ ಬರೆದ ಹೋಲಿಕೆಯ ಲೇಖನಗಳಲ್ಲಿ ಈ ಭಾಗ ಸಿಗುವುದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಸಿರುಗುಪ್ಪ ಎಂಬ ಹೆಸರಿನಲ್ಲಿ ಗುಣಿತ, ಒತ್ತುಗಳನ್ನೂ ಸೇರಿಸಿ ಒಂಬತ್ತು ಸಂಕೇತಗಳಿವೆ, 27 ಬೈಟ್ ಆಯಿತು. ಅದೇ ಹೆಸರು ಜಾಲದ ವಿಳಾಸದೊಳಗೆ ಬಂದಾಗ ಪ್ರತಿ ಬೈಟೂ ಶೇಕಡಾ ಚಿಹ್ನೆಯೊಡನೆ ಮೂರು ಅಕ್ಷರವಾಗಿ ಬಿಚ್ಚಿಕೊಂಡು 81 ಅಕ್ಷರಗಳ ಬಾಲ ಬೆಳೆಯುತ್ತದೆ. ವಾಟ್ಸಾಪ್‌ನಲ್ಲಿ ಅಂಥ ಕೊಂಡಿ ಕಳಿಸಿ ನೋಡಿದವರಿಗೆ ಈ ಬಾಲ ಪರಿಚಿತ. ಲಿನಕ್ಸ್ ಸರ್ವರಿನಲ್ಲಿ ಕಡತದ ಹೆಸರಿಗೆ 255 ಬೈಟ್ ಮಿತಿ ಇರುವುದರಿಂದ ಕನ್ನಡದಲ್ಲಿ 85 ಸಂಕೇತಕ್ಕೇ ಹೆಸರು ಮುಗಿಯಬೇಕು. ವಿಳಾಸದಲ್ಲಿ ಇಂಗ್ಲಿಷ್, ಪುಟದಲ್ಲಿ ಕನ್ನಡ ಎಂಬುದು ಇಲ್ಲಿಯೂ ಸರಿ.

ಹುಡುಕಾಟದ ತೊಡಕು ಇದಕ್ಕಿಂತ ಸ್ವಾರಸ್ಯದ್ದು. ಈ ಗ್ಯಾಲರಿಗಳು ಹೆಚ್ಚಾಗಿ ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತವೆ, ವ್ಯಾಕರಣ ಅರಿಯವು. ವಿವರಣೆಯಲ್ಲಿ ‘ಬಳ್ಳಾರಿಯ ಕೋಟೆ’ ಎಂದಿದ್ದರೆ ‘ಬಳ್ಳಾರಿ’ ಎಂದು ಹುಡುಕಿದಾಗ ಸಿಗುತ್ತದೆ. ‘ಸಿರುಗುಪ್ಪದ ಗದ್ದೆ’ಯೂ ‘ಸಿರುಗುಪ್ಪ’ ಎಂದರೆ ಸಿಗುತ್ತದೆ. ‘ಕುರುಗೋಡಿನ ತೇರು’ ಮಾತ್ರ ‘ಕುರುಗೋಡು’ ಎಂದರೆ ಸಿಗುವುದಿಲ್ಲ, ಕೊನೆಯ ಉಕಾರ ಇಕಾರವಾಗಿಬಿಟ್ಟಿದೆ. ಒಂದೇ ಜಿಲ್ಲೆಯ ಮೂರು ಊರುಗಳಿಗೆ ಎರಡು ಫಲಿತಾಂಶ. ಪರಿಹಾರ ಸರಳ: ವಿವರಣೆ ಹೇಗಾದರೂ ಬರೆಯಿರಿ, ಟ್ಯಾಗ್ ಮಾತ್ರ ವಿಭಕ್ತಿ ಇಲ್ಲದ ಮೂಲರೂಪದಲ್ಲಿರಲಿ.

ಇಂಗ್ಲಿಷ್ ಟ್ಯಾಗ್‌ಗಳಲ್ಲಿ ಬಳ್ಳಾರಿಯ ಹಳೆಯ, ಹೊಸ ಎರಡು ಕಾಗುಣಿತಗಳನ್ನೂ ಹಾಕಬೇಕಾಗುತ್ತದೆ; ಸರ್ಕಾರ ಅಧಿಕೃತವಾಗಿ ಬದಲಿಸಿದ್ದು 2014ರ ನವೆಂಬರ್ 1ರಂದು. ಜಿಲ್ಲೆಯ ಹೆಸರಿನ ಮೇಲೆ ಆಲ್ಬಂಗಳ ಅಟ್ಟಣೆ ಕಟ್ಟುವುದೂ ಜಾಣತನವಲ್ಲ. 1953ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಹಂಪಿ, ಹೊಸಪೇಟೆ ಅತ್ತ ಹೋದವು. ಬಳ್ಳಾರಿ ಜಿಲ್ಲೆಯ ಆಲ್ಬಂನೊಳಗೆ ಹಂಪಿ ಇಟ್ಟಿದ್ದವರು ಒಂದೋ ತಪ್ಪು ಉಳಿಸಿಕೊಂಡರು, ಇಲ್ಲ ಆಲ್ಬಂ ಸರಿಸಿ ಹಳೆಯ ಕೊಂಡಿಗಳನ್ನು ಮುರಿದುಕೊಂಡರು. ಊರು ಮತ್ತು ವರ್ಷದಿಂದ ಆಲ್ಬಂ, ತಾಲ್ಲೂಕು ಜಿಲ್ಲೆಗಳಿಗೆ ಟ್ಯಾಗ್, ಹೀಗೆ ಮಾಡಿದರೆ ಸರ್ಕಾರದ ಗೆಜೆಟ್ ಏನು ಹೇಳಿದರೂ ಗ್ಯಾಲರಿ ಅಲುಗುವುದಿಲ್ಲ.

ಹಳೆಯ ಸ್ಟುಡಿಯೊಗಳಿಂದ, ಪತ್ರಿಕೆಯವರಿಂದ ಬಂದ ಸಿ.ಡಿ.ಗಳಲ್ಲಿ ವಿವರಣೆ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಇರುವುದುಂಟು. ಆ ಫಾಂಟ್ ಇಲ್ಲದ ಕಡೆ ಅದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಅರವಿಂದ ವಿ.ಕೆ. ಬರೆದ ಮುಕ್ತ ಪರಿವರ್ತಕದಂಥವುಗಳಿಂದ ಯುನಿಕೋಡ್ ಮಾಡಿಕೊಂಡು, ಕಣ್ಣಿಟ್ಟು ತಿದ್ದಿ, ಆಮೇಲಷ್ಟೇ ಫೋಟೊದೊಳಗೆ ಸೇರಿಸಬೇಕು.

ಹಕ್ಕು ಮತ್ತು ಸ್ಥಳ

ಸ್ಟುಡಿಯೊದಲ್ಲಿ ತೆಗೆಸಿದ ಹಳೆಯ ಫೋಟೊ ಹಾಕಬಹುದೆ ಎಂಬ ಅಳುಕು ಹಲವರಿಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ಫೋಟೊ ತೆಗೆಸಿದವರೇ ಅದರ ಮೊದಲ ಹಕ್ಕುದಾರರು. ಹಾಗಾಗಿ ಮನೆಯ ಮದುವೆ ಆಲ್ಬಂಗೆ ತಕರಾರಿಲ್ಲ. ಸ್ಟುಡಿಯೊದ ಹೆಸರು ಹಾಕುವುದು ಸೌಜನ್ಯ. ಬೇರೆಯವರು ಹವ್ಯಾಸಕ್ಕೆ ತೆಗೆದ ಫೋಟೊ ಹಾಗಲ್ಲ. 2012ರ ತಿದ್ದುಪಡಿಯ ನಂತರ ಛಾಯಾಗ್ರಾಹಕರ ಜೀವಮಾನ ಮತ್ತು ಆಮೇಲೆ 60 ವರ್ಷ ಹಕ್ಕು ನಡೆಯುತ್ತದೆ. ಕೋಟೆ, ದೇಗುಲಗಳಂಥ ಎಲ್ಲರಿಗೂ ಬೇಕಾಗುವ ಫೋಟೊಗಳ ಒಂದು ಪ್ರತಿಯನ್ನು ಮುಕ್ತ ಪರವಾನಗಿಯಲ್ಲಿ ವಿಕಿಮೀಡಿಯ ಕಾಮನ್ಸ್‌ಗೂ ಹಾಕಿದರೆ ಕನ್ನಡ ವಿಕಿಪೀಡಿಯದ ಲೇಖನಗಳಿಗೆ ಒದಗುತ್ತದೆ, ಸ್ವಂತ ತಾಣ ಮುಳುಗಿದರೂ ಅದು ತೇಲುತ್ತದೆ.

ಸ್ಥಳದ ವಿಚಾರದಲ್ಲಿ ಹಿಡಿತ ಬೇಕು. ಮೊಬೈಲ್ ಫೋಟೊದೊಳಗಿನ ಜಿಪಿಎಸ್ ಕೆಲವೇ ಮೀಟರುಗಳಷ್ಟು ನಿಖರ. ಮನೆಯ ಫೋಟೊಗಳಲ್ಲಿ ಅದನ್ನು ಅಳಿಸಿಯೇ ಅಪ್‌ಲೋಡ್ ಮಾಡಬೇಕು. ಎಕ್ಸಿಫ್‌ಟೂಲ್‌ಗೆ ಒಂದು ಆದೇಶ ಕೊಟ್ಟರೆ ಇಡೀ ಫೋಲ್ಡರಿಗೆ ಆಗುತ್ತದೆ. ಬಳ್ಳಾರಿ ಕೋಟೆಗೆ, ಕುರುಗೋಡಿನ ದೊಡ್ಡ ಬಸವೇಶ್ವರ ಗುಡಿಗೆ ನಕ್ಷೆಯ ಗುರುತು ಇದ್ದರೆ ಅನುಕೂಲವೇ. ಕಾವಲಿಲ್ಲದ ವೀರಗಲ್ಲು, ಹೊಲದ ನಡುವಿನ ಪಾಳುಗುಡಿ, ಸಂಗನಕಲ್ಲು ಗುಡ್ಡದ ಮೂಲೆಯ ಬಂಡೆಚಿತ್ರಗಳಿಗೆ ಬೇಡ. ನಿಧಿಯಾಸೆಗೆ ಅಗೆಯುವವರಿಗೂ ಬಂಡೆಯ ಮೇಲೆ ಹೆಸರು ಕೆತ್ತುವವರಿಗೂ ಆ ಗುರುತು ಅಷ್ಟೇ ಚೆನ್ನಾಗಿ ದಾರಿ ತೋರಿಸುತ್ತದೆ. ಸಾರ್ವಜನಿಕ ಪ್ರತಿಯಲ್ಲಿ ಊರಿನ ಹೆಸರಷ್ಟೇ ಇಟ್ಟು, ನಿಖರ ಅಂಕಿಗಳನ್ನು ಮನೆಯ ಮೂಲ ಪ್ರತಿಯಲ್ಲಿ ಉಳಿಸಿಕೊಂಡರೆ ಮುಂದೆ ಕೇಳಿಬರುವ ಸಂಶೋಧಕರಿಗೆ ಕೊಡಬಹುದು.